ಗೋಡೆಯಾಚೆಯವಳಿಗೆ ಕೊಟ್ಟ ಮಾತು

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ನಮ್ಮ ಚಿಕ್ಕಮ್ಮ ಒಬ್ಬರು, ಬಾವಿಕಟ್ಟೆ ಹತ್ತಿರ ಯಾರೋ ಕೂತಿದ್ದರು ಕಣೇ ಅಂತ ಶುರು ಮಾಡಿದರೆ, ಪಿತ್ತ ಹೆಚ್ಚಾಗಿರಬೇಕು, ಎಳನೀರು ಕುಡೀರಿ ಅಂತ ಬಾಯಿ ಮುಚ್ಚಿಸುತ್ತಿದ್ದವಳು ನಾನು. ಈಗ ನಾನೇ ಬರೆಯಲು ಕೂತಿದ್ದೇನೆ. ಓದಿ ನೀವೂ ನನಗೆ ಎಳನೀರು ಕುಡಿಯಲು ಹೇಳಿದರೆ ಬೇಜಾರಿಲ್ಲ.

ಕತಾರಿಗೆ ಬಂದ ಮೊದಲ ವರ್ಷ ಅದು. ಹಮದ್ ಬಂದರಿನ ಹತ್ತಿರ ಒಂದು ಲಾಜಿಸ್ಟಿಕ್ಸ್ ಕಂಪನಿಯಲ್ಲಿ ಕೆಲಸ, ಓಲ್ಡ್ ಏರ್‌ಪೋರ್ಟ್ ಅನ್ನುವ ಬಡಾವಣೆಯಲ್ಲಿ ಬೆಡ್‌ಸ್ಪೇಸ್. ಬೆಡ್‌ಸ್ಪೇಸ್ ಅಂದರೆ ಮನೆಯಲ್ಲ, ರೂಮೂ ಅಲ್ಲ, ಮಲಗಲು ಒಂದು ಮಂಚ ಮಾತ್ರ ನಮ್ಮದು. ಮೈಸೂರಿನಲ್ಲಿ ಅಮ್ಮ ಕೇಳಿದಾಗ ಹಾಸ್ಟೆಲ್ ಥರ ಕಣಮ್ಮ, ಚೆನ್ನಾಗಿದೆ ಅಂತ ಸುಳ್ಳು ಹೇಳಿದ್ದೆ. ಹಳೇ ವಿಲ್ಲಾ ಒಂದನ್ನು ಜಿಪ್ಸಮ್ ಹಲಗೆಯಿಂದ ಹೋಳು ಹೋಳು ಮಾಡಿದ್ದರು. ನಮ್ಮ ಹೋಳಿನಲ್ಲಿ ಒಂದರ ಮೇಲೊಂದು ಇರುವ ಎರಡು ಜೊತೆ ಮಂಚ, ಒಂದು ಬಾತ್‌ರೂಮು, ಅಂಗಳಕ್ಕೆ ತೆರೆಯುವ ಒಂದೇ ಬಾಗಿಲು. ಕಿಟಕಿಗಳನ್ನೆಲ್ಲ ಹಲಗೆ ಹೊಡೆದು ಮುಚ್ಚಿದ್ದರು.

ವಿಲ್ಲಾಗಳನ್ನು ಹೀಗೆ ಹೋಳು ಮಾಡಿ ಬಾಡಿಗೆಗೆ ಕೊಡುವಂತಿಲ್ಲ. ಅದಕ್ಕೇ ಮನೆ ನೋಡಿಕೊಳ್ಳುತ್ತಿದ್ದ ನಮ್ಮ ಕರಾವಳಿ ಕಡೆಯ ಹಿರಿಯರು, ಹಮೀದಾಕ, ಒಂದು ಕಾಯಿದೆ ಮಾಡಿದ್ದರು. ಹಗಲಲ್ಲಿ ಮನೆ ಖಾಲಿ ಇರುವ ಹಾಗೆ ಕಾಣಬೇಕು. ಕೊನೆಗೆ ಹೋಗುವವರು ಹೊರಗಿನ ಸ್ವಿಚ್ಚಿನಿಂದ ಕರೆಂಟು ಆರಿಸಿ, ಬಾಗಿಲಿಗೆ ಬೀಗ ಹಾಕಿ ಹೋಗಬೇಕು. ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯಲು ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡ್ ನೋಡಿದರೆ ಸಾಕು. ಚಪ್ಪಲಿ ಇದೆ, ಜನ ಇದ್ದಾರೆ. ಇಲ್ಲ, ಮನೆ ಖಾಲಿ, ಖಲಾಸ್.

ಆ ಶುಕ್ರವಾರ ನಾನು ಮಾಡಿದ ಘನಕಾರ್ಯ ಏನಪ್ಪಾ ಅಂದರೆ, ಹೊಸ ಚಪ್ಪಲಿಯ ಅಂಟು ಬಿಸಿಲಿಗೆ ಕರಗಿ ಬಿಟ್ಟುಕೊಳ್ಳುತ್ತದೆ ಅಂತ ಅದನ್ನು ಒಳಗೆ ತಂದು ಮಂಚದ ಕೆಳಗಿಟ್ಟೆ. ತಲೆನೋವಿಗೆ ಮಾತ್ರೆ ನುಂಗಿ, ಮೇಲಿನ ಮಂಚಕ್ಕೆ ಹತ್ತಿ, ಪರದೆ ಎಳೆದು ಮಲಗಿದೆ. ನಮ್ಮ ರೂಮಿನ ಶೈನಿ, ಕೇರಳದ ನರ್ಸು, ಸ್ನಾನ ಮುಗಿಸಿ ಬಂದು ಸ್ಟ್ಯಾಂಡ್ ನೋಡಿದಳು, ಅವಳದು ಬಿಟ್ಟರೆ ಖಾಲಿ ಇತ್ತು. ಪಾಪ, ಕಾಯಿದೆ ಪ್ರಕಾರ ಎಲ್ಲ ಮಾಡಿ ಡ್ಯೂಟಿಗೆ ಹೋದಳು. ಉಳಿದಿಬ್ಬರು ಬೆಳಿಗ್ಗೆಯೇ ಹೋಗಿದ್ದರು. ಎಲ್ಲರೂ ವಾಪಸ್ ಬರುವುದು ರಾತ್ರಿ ಎಂಟಕ್ಕೆ.

ನನಗೆ ಎಚ್ಚರವಾದದ್ದು ಸೆಕೆಗೆ. ಕಣ್ಣು ಬಿಟ್ಟರೂ ಕತ್ತಲೆ, ಎಸಿ ಸದ್ದಿಲ್ಲ. ಜುಲೈ ತಿಂಗಳ ನಡುಮಧ್ಯಾಹ್ನ. ತಡಕಾಡಿಕೊಂಡು ಇಳಿದು ಬಾಗಿಲು ಎಳೆದೆ, ಬರಲಿಲ್ಲ. ಫೋನು ಡಿಸ್‌ಪ್ಲೇ ಒಡೆದು ರಿಪೇರಿ ಅಂಗಡಿಯಲ್ಲಿತ್ತು. ಬಾಗಿಲು ಬಡಿದೆ, ಕಿರುಚಿದೆ. ಜುಮ್ಮಾ ನಮಾಜಿನ ಹೊತ್ತು, ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಕುಡಿಯುವ ನೀರಿನ ಕ್ಯಾನು ಬರಿದಾಗಿತ್ತು. ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನಿಂದ ಕೈ ಸುಡುವ ನೀರು. ಅದನ್ನೇ ಆರಿಸಿ ಎರಡು ಗುಟುಕು ಕುಡಿದೆ, ವಾಂತಿಯಾಯಿತು. ಆಮೇಲೆ ಬೆವರುವುದೇ ನಿಂತುಹೋಯಿತು. ಹಾಗಾದರೆ ಅಪಾಯ ಅಂತ ಆಫೀಸಿನ ಸೇಫ್ಟಿ ಕ್ಲಾಸಿನಲ್ಲಿ ಹೇಳಿದ್ದು ನೆನಪಾಯಿತು. ಎಂಟು ಗಂಟೆಯವರೆಗೆ ನಾನು ಉಳಿಯುವುದಿಲ್ಲ ಅಂತ ಗೊತ್ತಾಗಿ, ಹೇಳಲು ನಾಚಿಕೆಯಿಲ್ಲ, ಗೋಡೆಗೆ ಒರಗಿ ಅಮ್ಮಾ ಅಂತ ಜೋರಾಗಿ ಅತ್ತುಬಿಟ್ಟೆ.

ಆಗ ಒರಗಿದ್ದ ಗೋಡೆಯ ಆಚೆಯಿಂದ ಯಾರೋ ತಟ್ಟಿದರು.

"ಅಕ್ಕಾರ, ಅಳಬ್ಯಾಡ್ರಿ. ಬೀರು ಸರಸ್ರಿ, ಹಿಂದ ಬಾಗಲಾ ಐತಿ."

ಹೆಣ್ಣು ಧ್ವನಿ, ಸಣ್ಣ ವಯಸ್ಸಿನದು, ಅಪ್ಪಟ ಹುಬ್ಬಳ್ಳಿ ಕಡೆಯ ಕನ್ನಡ. ನನಗೆ ಆಗ ಭಯವಾಗಲಿಲ್ಲ, ಸಿಟ್ಟು ಬಂತು. ಇಷ್ಟು ಹೊತ್ತು ಬಡಿದುಕೊಂಡೆನಲ್ಲ, ಏನು ಮಾಡುತ್ತಿದ್ದೆ ಮಾರಾಯ್ತಿ ಅಂತ ಬೈದೆ. ಅವಳು ಮತ್ತೆ ಅದನ್ನೇ ಅಂದಳು. ಎದುರು ಗೋಡೆಗಿದ್ದ ಕಬ್ಬಿಣದ ಬೀರುವನ್ನು ಹೆಗಲು ಕೊಟ್ಟು ದೂಡಿದೆ. ಹಿಂದೆ ನಿಜಕ್ಕೂ ಬಾಗಿಲಿತ್ತು, ಗೋಡೆಯ ಬಣ್ಣವನ್ನೇ ಬಳಿದಿದ್ದರು. ಚಿಲಕ ಬಣ್ಣದಲ್ಲಿ ಅಂಟಿಕೊಂಡಿತ್ತು. ಇಸ್ತ್ರಿಪೆಟ್ಟಿಗೆ ತಂದು ಕುಟ್ಟಿದೆ, ಕೈಯಲ್ಲಿ ರಕ್ತ ಬಂತು. ಕೊನೆಗೆ ತೆರೆಯಿತು. ಆಚೆ ಮನೆಯವರೆಲ್ಲ ಬಳಸುವ ಅಡುಗೆಮನೆ, ಅದರ ತೆರೆದ ಬಾಗಿಲಾಚೆ ಅಂಗಳದ ಬೆಳಕು!

ಓಡಲಿಲ್ಲ, ಅಷ್ಟು ಮನುಷ್ಯತ್ವ ಇತ್ತು. ಅವಳು ತಟ್ಟಿದ ಗೋಡೆಯ ಹತ್ತಿರ ವಾಪಸ್ ಬಂದು, ಬಾಗಿಲು ಸಿಕ್ಕಿತು, ನೀನೂ ಬಾ ಅಂದೆ.

"ನಂದೂ ಹೊರಗಿಂದ ಹಾಕ್ಯಾರ್ರಿ. ನೀರೂ ತೀರೇತಿ. ಕೀಲಿ ತರ್ತೀರೇನ್ರಿ?"

ಐದು ನಿಮಿಷ, ಈಗ ಬಂದೆ ಅಂದೆ. ಅವಳು "ಹೂಂ" ಅಂದಳು.

ಬೀದಿ ಕೊನೆಯ ಗ್ರೋಸರಿ ಅಂಗಡಿಯ ಮುಂದೆ ಬಿದ್ದೆನಂತೆ. ನಮಾಜು ಮುಗಿಸಿ ಬಂದವರು ನೀರು ಕುಡಿಸಿ, ತಲೆಗೆ ಐಸ್ ಇಟ್ಟರು. ಮಾತು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಬಾಯಿ ಬಿಟ್ಟವಳೇ, ಹಮೀದಾಕನನ್ನು ಕರೀರಿ, ಇನ್ನೊಬ್ಬಳಿದ್ದಾಳೆ, ಅಂದೆ. ಪುಣ್ಯಾತ್ಮ ಕೀಲಿ ಗೊಂಚಲು ಹಿಡಿದು ಓಡಿಬಂದರು. ನಾನು ಗೋಡೆ ತೋರಿಸಿದೆ. ಅವರು ಗೋಡೆ ನೋಡಿದರು, ನನ್ನ ಮುಖ ನೋಡಿದರು.

"ಎಂತ ಮಾರಾಯ್ರೆ ನೀವು ಹೇಳುವುದು? ಇದು ಮನೆಯ ಹೊರಗೋಡೆ."

ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿ ತೋರಿಸಿದರು. ಆ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಗೇಣು ಸಂದು, ಬೆಕ್ಕೂ ಕಷ್ಟಪಟ್ಟು ನುಸುಳಬೇಕು. ಕಾಂಪೌಂಡಿನ ಆಚೆ ಖಾಲಿ ಮರಳು ಜಾಗ. ನಾನು ಬಿಡಲಿಲ್ಲ. ಹಟ ಹಿಡಿದು ವಿಲ್ಲಾದ ಪ್ರತಿಯೊಂದು ಬಾಗಿಲನ್ನೂ ತೆಗೆಸಿದೆ, ತಾರಸಿಯ ಸ್ಟೋರನ್ನೂ. ಯಾರೂ ಇರಲಿಲ್ಲ. ನಿಮ್ಮೊಬ್ಬರನ್ನು ಬಿಟ್ಟು ಕನ್ನಡದ ಹೆಂಗಸರು ಈ ಮನೆಯಲ್ಲಿ ಇದ್ದದ್ದೇ ಇಲ್ಲ ಅಂತ ಹಮೀದಾಕ ಆಣೆ ಮಾಡಿದರು. ಬೀರುವಿನ ಹಿಂದಿನ ಬಾಗಿಲು ಕಂಡು ಅವರೇ ಬೆಪ್ಪಾಗಿ ನಿಂತಿದ್ದರು, ಅವರಿಗೂ ಅದು ಗೊತ್ತಿರಲಿಲ್ಲ.

ರಾತ್ರಿ ಶೈನಿ ನನ್ನ ಕಾಲು ಹಿಡಿದುಕೊಂಡು ಅತ್ತಳು. ಆಮೇಲೆ ನರ್ಸಿನ ಧಾಟಿಯಲ್ಲಿ, ಸೆಕೆ ತಲೆಗೇರಿದರೆ ಇಲ್ಲದ ಮಾತು ಕೇಳಿಸುತ್ತದೆ ಚೇಚಿ ಅಂದಳು. ಇರಬಹುದು. ಆದರೆ ಹುಬ್ಬಳ್ಳಿಯನ್ನೇ ನೋಡದ ನನ್ನ ತಲೆಗೆ ಆ ಮಾತು ಎಲ್ಲಿಂದ ಬಂತು? ನನಗೇ ಗೊತ್ತಿರದ ಬಾಗಿಲನ್ನು ನನ್ನ ತಲೆ ಹೇಗೆ ತೋರಿಸಿತು?

ಮರುವಾರವೇ ಆ ರೂಮು ಬಿಟ್ಟೆ. ವರ್ಷಗಳಾದವು. ಅದು ದೆವ್ವ ಅಂತ ಯಾರಾದರೂ ಖಂಡಿತವಾಗಿ ಹೇಳಿದರೆ ಇವತ್ತು ಅವರ ಕಾಲಿಗೆ ಬೀಳುತ್ತೇನೆ, ಯಾಕೆಂದರೆ ದೆವ್ವಕ್ಕೆ ಬಾಯಾರುವುದಿಲ್ಲ. ಬದುಕಿದ್ದ ಹುಡುಗಿಯೇ ಆಗಿದ್ದರೆ? ಗೋಡೆಯಲ್ಲಿ, ನೆಲದಡಿಯಲ್ಲಿ, ನಾವು ನೋಡದ ಇನ್ನೆಲ್ಲೋ ಒಂದು ಕೋಣೆ ಇದ್ದಿದ್ದರೆ? ನಾನು ತೆಗೆಸಿದ್ದು ನಮಗೆ ಗೊತ್ತಿದ್ದ ಬಾಗಿಲುಗಳನ್ನು ಮಾತ್ರ. ಐದು ನಿಮಿಷ ಅಂದಿದ್ದೆ. ಅವಳು ನಂಬಿದ್ದಳು.