ಅಕ್ಕನ ಬಾಯಲ್ಲಿ ಬಂದ ‘ರಿ’

ನಾಲ್ಕು ವರ್ಷಗಳ ಹಿಂದೆ, ಮಾಗಿ ಮುಗಿಯುವ ಹೊತ್ತಿಗೆ, ಹೊಸದಾಗಿ ಆದ ಬೀಗರನ್ನು ನನ್ನ ಹುಟ್ಟೂರಿನ ಕಡೆ ಮೂರು ದಿನ ಸುತ್ತಾಡಿಸಲು ಕರೆದುಕೊಂಡು ಹೋಗಿದ್ದೆ, ಹೆಂಡತಿಯೂ ಜೊತೆಗಿದ್ದಳು. ಅವರು ಹುಬ್ಬಳ್ಳಿಯ ಅನುಕೂಲಸ್ಥರು, ಉಣ್ಣುವುದರಲ್ಲಿ ಬಹಳ ಆಸೆಯುಳ್ಳವರು. ಕಾಗವಾಡದ ತೋಟದಲ್ಲಿ ಬಳ್ಳಿಯಿಂದಲೇ ದ್ರಾಕ್ಷಿ ಕಿತ್ತು ತಿಂದೆವು. ರಾಯಬಾಗದ ದಾರಿಯಲ್ಲಿ ಗಾಣಕ್ಕೆ ಇಳಿದು, ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿನಿಂದ ತೆಗೆದು ನೆಕ್ಕಿದೆವು. ಬೀಗರು ಮೀಸೆಗೆ ಬೆಲ್ಲ ಹತ್ತಿಸಿಕೊಂಡು ನಕ್ಕದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕುಡಚಿ ಸ್ಟೇಷನ್ನಿನ ಹತ್ತಿರ ಮೆಣಸಿನಕಾಯಿ ಭಜಿ, ಚಹಾ. ಎಲ್ಲ ಚಂದವಾಗಿಯೇ ಇತ್ತು, ಎರಡನೆಯ ದಿನ ಮಧ್ಯಾಹ್ನ ಚಿಕ್ಕೋಡಿಯಲ್ಲಿ ಊಟಕ್ಕೆ ಇಳಿಯುವ ತನಕ.

ಅದಕ್ಕಿಂತ ಮೊದಲು ಅಕ್ಕನ ಮಾತು ಹೇಳಬೇಕು. ತಾಯಿ ಸತ್ತ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಗಂಡ ಬಿಟ್ಟು ಹೋದ ಮೇಲೆ ನಿಪ್ಪಾಣಿಯಲ್ಲಿ ಬೀಡಿ ಸುತ್ತುತ್ತ ನನ್ನನ್ನು ಹೈಸ್ಕೂಲು ಓದಿಸಿದಳು. ನನಗೆ ನೌಕರಿ ಸಿಕ್ಕಿತು, ಊರು ಬಿಟ್ಟೆ. ವರ್ಷಕ್ಕೊಮ್ಮೆ ಹೋಗುತ್ತಿದ್ದವನು ಆಮೇಲೆ ಹೋಗುವುದನ್ನೇ ಬಿಟ್ಟೆ. ಅವಳು ಯಾವುದೋ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆಂದು ಕೇಳಿ ನನಗೆ ನಾಚಿಕೆಯಾಯಿತು. ಮಗನ ಮದುವೆಗೆ ಕರೆಯಲಿಲ್ಲ. ಬೀಗರು ಕೇಳಿದಾಗ, ಅಕ್ಕನನ್ನು ಸಾಂಗಲಿಯ ದೊಡ್ಡ ಮನೆಗೆ ಕೊಟ್ಟಿದೆ, ಕಾಯಿಲೆ, ಬರಲಾಗಲಿಲ್ಲ ಎಂದು ಸುಳ್ಳು ಹೇಳಿದೆ. ಈ ಲೋಕದಲ್ಲಿ ನನ್ನನ್ನು ‘ಲೇ’ ಎಂದು ಕರೆಯುವವರು ಆಗ ಉಳಿದಿದ್ದದ್ದು ಅವಳೊಬ್ಬಳೇ.

ಆ ಖಾನಾವಳಿಯನ್ನು ಆರಿಸಿದವನು ಕಾರಿನ ಡ್ರೈವರ್. ತಾಟಿನಲ್ಲಿ ಮಡಿಕೆಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಕೆನೆಮೊಸರು ಬಂದವು. ಆಮೇಲೆ ರೊಟ್ಟಿ. ಅಂಚಿನಲ್ಲಿ ಒಂದು ಕಡೆ ಸಣ್ಣ ತಗ್ಗು. ಅಕ್ಕನ ಕಿರುಬೆರಳು ಚಿಕ್ಕಂದಿನಲ್ಲಿ ಮುರಿದು ಸೊಟ್ಟಾಗಿತ್ತು. ಅವಳು ಬಡಿದ ರೊಟ್ಟಿಗೆ ಯಾವಾಗಲೂ ಆ ತಗ್ಗು ಬೀಳುತ್ತಿತ್ತು. ನನಗೆ ಗೊತ್ತಾಯಿತು. ಎದ್ದು ಒಳಗೆ ಹೋಗಬಹುದಾಗಿತ್ತು. ತಗ್ಗಿದ್ದ ಕಡೆಯಿಂದಲೇ ಮುರಿದು ಉಣ್ಣತೊಡಗಿದೆ.

“ಎಷ್ಟ್ ಮೆತ್ತಗ ಅದಾವ್ರಿ! ಮಾಡಿದಾಕಿನ್ನ ಕರೀರಿ, ನೋಡೂಣು,” ಎಂದರು ಬೀಗತಿ.

“ಏ ಮಾವಶೀ, ಹೊರಗ ಬಾ! ಪಾವಣ್ಯಾರು ನಿನ್ನ ಹೊಗಳಾಕತ್ತಾರ,” ಎಂದು ಮಾಲೀಕ ಅತಿಥಿಗಳಾದ ನಮ್ಮನ್ನು ತೋರಿಸುತ್ತ ಕೂಗಿದ.

ಅಕ್ಕ ಬಂದಳು. ಕೈತುಂಬ ಹಿಟ್ಟು, ಕೂದಲೆಲ್ಲ ಬೆಳ್ಳಗೆ. ನನ್ನನ್ನು ನೋಡಿದವಳೇ ಮುಖವರಳಿಸಿ, “ಲೇ ತಮ್ಮಾ, ಯಾವಾಗ ಬಂದ್ಯೋ?” ಎಂದಳು.

ಬೀಗರು ನನ್ನ ಕಡೆ ತಿರುಗಿದರು. “ಪರಿಚಯ ಏನ್ರಿ?”

“ಇಲ್ರಿ,” ಎಂದೆ. “ಈ ಕಡೆ ಮಂದಿ ಹಂಗ. ಯಾರಿಗರ ಲೇ ಅಂತಾರ.”

“ಹಾಂ! ನಿಮ್ಮಕ್ಕಾರು ಸಾಂಗಲ್ಯಾಗ, ಇಲ್ಲೊಬ್ಬಾಕಿ ನಿಮ್ಮನ್ನ ತಮ್ಮನ್ನ ಮಾಡ್ಕೊಂಡ್ಳಲ್ರಿ!” ಬೀಗರು ತೊಡೆ ತಟ್ಟಿ ನಕ್ಕರು. ನಾನೂ ನಕ್ಕೆ. ನನ್ನ ಹೆಂಡತಿ ಚಟ್ನಿಯನ್ನೇ ನೋಡುತ್ತ ಕುಳಿತಳು.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, “ತಪ್ಪಾತ್ರಿ. ನಮ್ಮ ತಮ್ಮನ್ಹಂಗ ಕಂಡ್ರಿ,” ಎಂದಳು. ಆಮೇಲೆ ರೊಟ್ಟಿಯ ಬುಟ್ಟಿ ಎತ್ತಿಕೊಂಡು ನನ್ನ ತಾಟಿನ ಮೇಲೆ ಬಾಗಿ, “ಇನ್ನೊಂದ ಹಾಕ್ಲೇನ್ರಿ?” ಎಂದು ಕೇಳಿದಳು. ನಾನು ಅಂಗೈಯಿಂದ ತಾಟು ಮುಚ್ಚಿದೆ.

ಬೀಗರ ಮನೆಯಲ್ಲಿ ಆ ಊಟ ಒಂದು ನೆನಪಾಗಿ ಉಳಿಯಿತು. ಸೇರಿದಾಗಲೆಲ್ಲ ಚಿಕ್ಕೋಡಿಯ ರೊಟ್ಟಿ, ತಮ್ಮನನ್ನು ಮಾಡಿಕೊಂಡ ಮುದುಕಿ ಎಂದು ನಗುವರು. ಮೂರು ವರ್ಷ ನಾನೂ ಕೂಡಿ ನಕ್ಕೆ. ಹೋದ ದೀಪಾವಳಿಯಲ್ಲಿ ನಗಲಾಗಲಿಲ್ಲ. “ಆಕಿ ನಮ್ಮಕ್ಕರಿ. ಖರೇನ ನಮ್ಮಕ್ಕ,” ಎಂದುಬಿಟ್ಟೆ. ಮಗ ಎದ್ದು ಹೊರಗೆ ಹೋದ. ಮರುದಿನ ಚಿಕ್ಕೋಡಿಯ ಬಸ್ಸು ಹತ್ತಿದೆ.

ಖಾನಾವಳಿಯಲ್ಲಿ ಅವಳಿರಲಿಲ್ಲ. ಕಣ್ಣು ಮಂಜಾಗಿ ಕೆಲಸ ಬಿಟ್ಟು ಅಕ್ಕೋಳದಲ್ಲಿ ಒಂದು ಕೋಣೆ ಹಿಡಿದಿದ್ದಾಳೆಂದರು. ಹುಡುಕಿಕೊಂಡು ಹೋದೆ. ಒಲೆಯ ಮುಂದೆ ಕುಳಿತಿದ್ದಳು. ನನ್ನ ದನಿಗೇ ಗುರುತು ಹಿಡಿದಳು.

“ಬರ್ರಿ, ಕೂಡ್ರಿ,” ಎಂದಳು.

ಚಾಪೆಯ ಮೇಲೆ ಬೆಕ್ಕು ಮಲಗಿತ್ತು. “ಏಳಲೇ, ಸರಿ ಅತ್ತ. ಪಾವಣ್ಯಾರು ಬಂದಾರ,” ಎಂದು ಅದನ್ನು ತಳ್ಳಿದಳು.

ಅವಳ ಪಾದ ಹಿಡಿದೆ. ಬೀಗರ ಮುಂದೆ ನಿಜ ಹೇಳಿದೆನೆಂದೆ. ಬಾಯಿಗೆ ಬಂದಂತೆ ಬೈಯೆಂದೆ. ಅವಳು ಕಾಲು ಹಿಂದೆ ಎಳೆದುಕೊಳ್ಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಸೊಸೆ ಹೇಗಿದ್ದಾಳೆ, ಮೊಮ್ಮಕ್ಕಳೆಷ್ಟು ಎಂದು ಕೇಳಿದಳು, ಎಲ್ಲವನ್ನೂ ಬಹುವಚನದಲ್ಲಿ.

“ಅಕ್ಕಾ, ಒಮ್ಮೆ ‘ಲೇ’ ಅನ್ನವ್ವಾ,” ಎಂದೆ.

ಹಿಟ್ಟು ನಾದುತ್ತಿದ್ದ ಅವಳ ಕೈ ನಿಂತಿತು.

“ಬರಾಂಗಿಲ್ರಿ ಈಗ ಬಾಯಾಗ,” ಎಂದಳು.

ರೊಟ್ಟಿ ಬೆಂದಿತು. ತಾಟಿಗೆ ಹಾಕಿದಳು, ಅಂಚಿನಲ್ಲಿ ಅದೇ ತಗ್ಗು. ಅದನ್ನು ಉಂಡು ಮುಗಿಸಿದೆ. ಅವಳು ಎರಡನೆಯದನ್ನು ಹಿಡಿದು, ಮಂಜುಗಣ್ಣಿನಿಂದ ತಾಟು ಎಲ್ಲಿದೆಯೆಂದು ಹುಡುಕುತ್ತ ಕೇಳಿದಳು:

“ಇನ್ನೊಂದ ಹಾಕ್ಲೇನ್ರಿ?”

ತಾಟನ್ನು ಎರಡೂ ಕೈಯಿಂದ ಎತ್ತಿ ಅವಳ ಮುಂದೆ ಹಿಡಿದೆ.