ಎಡಗೈಯ ಊಟ

ಕಣ್ಣಿಗೆ ಕಟ್ಟಿತು, ಮನಸ್ಸಿಗೆ ತೋಚಿತು ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಾನು ಡಾಕ್ಟರ್. ನನ್ನ ಪತಿ ವೀರೇಶ್ ಈ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. ಯಾವ ಸುದ್ದಿ ಹೇಳಿದರೂ "ಯಾರು ಹೇಳಿದ್ದು? ಅವರಿಗೆ ಹೇಗೆ ಗೊತ್ತು?" ಎಂದು ಕೇಳುವುದು ಅವರ ಚಾಳಿ.

ಕೊನೆಗೆ ಅದೇ ಅವರ ಉದ್ಯೋಗವಾಯಿತು. ಪೂರ್ವ ಯುರೋಪಿನ ಸಣ್ಣ ದೇಶವೊಂದಕ್ಕೆ ನೆರವಿನ ತಂಡದ ಜೊತೆ ಎಂಜಿನಿಯರಾಗಿ ಹೋದರು. ಬಂದೂಕಿಲ್ಲ, ಸಮವಸ್ತ್ರವಿಲ್ಲ. ಗುಂಡು ಹಾರಿಸದೆಯೇ ಆ ದೇಶವನ್ನು ಕೆಡವಲು ಹೊರಟವರಿದ್ದರು. ಆಸ್ಪತ್ರೆಯ ಕಂಪ್ಯೂಟರ್ ಕೆಡಿಸುವುದು, ಕರೆಂಟು ತೆಗೆಯುವುದು, ಸುಳ್ಳು ಸುದ್ದಿ ಹಬ್ಬಿಸಿ ಜನರನ್ನು ಹೆದರಿಸುವುದು. ಇದನ್ನೆಲ್ಲ ತಡೆಯುವುದು ಹೇಗೆಂದು ಅಲ್ಲಿಯವರಿಗೆ ಕಲಿಸಬೇಕಿತ್ತು. ನಾನು, ಅತ್ತೆ ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಮನೆಯಲ್ಲಿ ಉಳಿದೆವು.

ಒಂದು ಶನಿವಾರ ಬೆಳಿಗ್ಗೆ ಅವರ ನಂಬರಿನಿಂದಲೇ ಮೆಸೇಜ್ ಬಂತು. ಸ್ಫೋಟದಲ್ಲಿ ವೀರೇಶ್ ತೀರಿಕೊಂಡರು ಎಂದಿತ್ತು. ಜೊತೆಗೆ ಸುಟ್ಟ ಕಾರಿನ ಫೋಟೋ, ಅವರ ಗುರುತಿನ ಚೀಟಿಯ ಫೋಟೋ. ಅವರ ಫೋನ್ ಸ್ವಿಚ್ ಆಫ್. ಕಚೇರಿಯಲ್ಲೂ ಯಾರೂ ಎತ್ತುತ್ತಿಲ್ಲ. ಕೈಕಾಲು ಆಡದೆ ಅದನ್ನು ಗೆಳತಿ ಸುಧಾಗೆ ಕಳಿಸಿದೆ. ಆ ಪುಣ್ಯಾತ್ಗಿತ್ತಿ ನಮ್ಮ ಕನ್ನಡ ಗುಂಪಿನ ವಾಟ್ಸಾಪಿಗೆ ಹಾಕಿಬಿಟ್ಟಳು! 'ಓಂ ಶಾಂತಿ'ಗಳು ಸಾಲುಗಟ್ಟಿದವು. ದೂರದ ಟಿವಿಡೇಲ್ ಊರಿನ ದೇವಸ್ಥಾನಕ್ಕೆ ಹೊರಟಿದ್ದವರು ಕಾರು ತಿರುಗಿಸಿಕೊಂಡು ನಮ್ಮ ಮನೆಗೆ ಬಂದರು. ಸುಳ್ಳು ಹುಟ್ಟಿಸಿದವನು ಎಲ್ಲಿಯ ಕುನ್ನಿಯೋ, ಊರಿಗೆಲ್ಲ ಹಂಚಿದವರು ನಮ್ಮವರೇ. ಒಬ್ಬರಾದರೂ ಇದು ನಿಜವೇ ಎಂದು ಕೇಳಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅತ್ತೆ ಮಹಡಿಯ ಮೇಲೆ ಲಿಂಗಪೂಜೆಯಲ್ಲಿದ್ದರು. ಪೂಜೆಯಾಗದೆ ಹನಿ ನೀರೂ ಮುಟ್ಟುವವರಲ್ಲ. ಹೃದಯದ ಆಪರೇಷನ್ ಆಗಿ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಜೀವ. ಈ ಸುದ್ದಿ ಕೇಳಿದರೆ ಉಳಿಯುತ್ತಾರೆಂಬ ನಂಬಿಕೆ ನನಗಿರಲಿಲ್ಲ.

"ಹೆತ್ತ ತಾಯಿ ಕಣೇ, ಮುಚ್ಚಿಡಬಾರದು. ನಾನೇ ಹೇಳ್ತೀನಿ," ಎಂದು ಎಲ್ಲರ ಜೊತೆ ಬಂದಿದ್ದ ಸುಧಾ ಮೆಟ್ಟಿಲ ಕಡೆ ಹೊರಟಳು.

"ಒಂದು ಹೆಜ್ಜೆ ಮೇಲಿಟ್ಟರೆ ನೋಡು!" ಎಂದು ಕಿರುಚಿದೆ.

ಅಷ್ಟರಲ್ಲಿ ಅತ್ತೆಯೇ ಹಣೆತುಂಬ ವಿಭೂತಿ ಧರಿಸಿ ಇಳಿದುಬಂದರು. ಅವರ ಬಳಿ ಫೋನಿರಲಿಲ್ಲ. ಯಾರೂ ಅವರಿಗೆ ಏನೂ ಹೇಳಿರಲಿಲ್ಲ.

"ವೀರೇಶಾ ಕತ್ತಲದಾಗ ಕುಂತು ಎಡಗೈಲೆ ಉಣ್ಣಾಕತ್ತಾನ," ಎಂದರು ಸಿಟ್ಟಿನಿಂದ. "ಫೋನ್ ಮಾಡಿದ್ರ ಚಲೋತ್ನಂಗ ಬೈ ಅವಂಗ. ಸಣ್ಣಾವಿದ್ದಾಗ ಬಡದು ಬಿಡಿಸಿದ್ದೆ."

"ಯಾರು ಹೇಳಿದ್ರು ಅತ್ತೆ? ನಿಮಗೆ ಹೇಗೆ ಗೊತ್ತು?"

"ಕಂಡಿತು. ಅದನ್ನೇನ ಕೇಳ್ತಿ? ಇಷ್ಟು ಮಂದಿ ಬಂದಾರ, ಚಾ ಇಡು."

ಸಂಜೆ ಬೇರೆ ಯಾರದೋ ಫೋನಿನಿಂದ ವೀರೇಶ್ ಮಾತಾಡಿದರು. ಅವರ ನಂಬರನ್ನು ಯಾರೋ ಕದ್ದು ಬಳಸಿದ್ದರು. ಕರೆಂಟು ಹೋದಾಗ ಆಸ್ಪತ್ರೆಯೊಂದರ ನೆಲಮಾಳಿಗೆಯ ಮೆಟ್ಟಿಲಲ್ಲಿ ಬಿದ್ದು ಬಲಗೈ ಮುರಿದಿತ್ತು. ಬೆಳಿಗ್ಗೆ ಆ ಕತ್ತಲಲ್ಲೇ ಯಾರೋ ಬ್ರೆಡ್ಡು, ಸೂಪು ಕೊಟ್ಟಿದ್ದರು. ನಾನು ಅತ್ತುಬಿಟ್ಟೆ. ಆಮೇಲೆ ಅವರಮ್ಮ ಹೇಳಿದಂತೆಯೇ ಬೈದೆ. ಯಾಕೆಂದು ಹೇಳಿದಾಗ, ಎಲ್ಲಕ್ಕೂ ಪುರಾವೆ ಕೇಳುವ ಆ ಮನುಷ್ಯ ಅಮ್ಮನಿಗೆ ಫೋನ್ ಕೊಡು ಎಂದರು.

ಗುಂಪಿನವರು 'ದೇವರು ದೊಡ್ಡವನು' ಎಂದು ಬರೆದು ಕೈತೊಳೆದುಕೊಂಡರು. ಕ್ಷಮಿಸಿ ಎಂದವರು ಒಬ್ಬರೂ ಇಲ್ಲ. ಮೆಸೇಜ್ ಕಳಿಸಿದ ಕುನ್ನಿಯೂ ಸಿಗಲಿಲ್ಲ.

ನಂಬರು, ಫೋಟೋ, ಗುರುತಿನ ಚೀಟಿ ಎಲ್ಲ ಇಟ್ಟುಕೊಂಡು ಬಂದ ಸುದ್ದಿ ಅಂದು ಸುಳ್ಳಾಗಿತ್ತು. ಅತ್ತೆಗೆ ಮಾತ್ರ ನಿಜ ಹೇಗೆ ಗೊತ್ತಾಯಿತು? ಆಮೇಲೆ ಎಷ್ಟೋ ಸಲ ಕೇಳಿದೆ. ಪ್ರತಿ ಸಲವೂ ಚಾ ಇಡಲು ಹೇಳಿದರು. ಈಗ ಕೇಳೋಣವೆಂದರೆ ಅವರಿಲ್ಲ.