ಬೇವಿನ ಗಿಡದ ಹತ್ತಿರ ಕೈ

ಮೊನ್ನೆ ಬೆಳಿಗ್ಗೆ ಅಂಗಳದಲ್ಲಿ ನಿಂತಿದ್ದ ಕಾರು ಟಿಕ್ ಟಿಕ್ ಎನ್ನತೊಡಗಿತು. ಅದು ಎಲ್ಲಿಗೂ ಹೊರಟಿರಲಿಲ್ಲ. ಮೊಮ್ಮಗಳು ರೂಪಾ ಲೈಸೆನ್ಸಿನ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ನಮ್ಮದು ಗಡಿಯಾಚೆಯ ಊರು, ಹಾಗಾಗಿ ಒಂದು ಕೈಯಲ್ಲಿ ರಸ್ತೆ ನಿಯಮಗಳ ಸಣ್ಣ ಮರಾಠಿ ಪುಸ್ತಕ, ಇನ್ನೊಂದು ಕೈ ಇಂಡಿಕೇಟರಿನ ಮೇಲೆ. ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದೆ. ಜೀವಮಾನವೆಲ್ಲ ಸ್ಟೇರಿಂಗ್ ಹಿಡಿದ ಅಜ್ಜ ಮನೆಯಲ್ಲೇ ಇರುವಾಗ ಈ ಹುಡುಗಿಗೆ ಪುಸ್ತಕ ಯಾಕೆ ಬೇಕು ಎಂಬ ಸಣ್ಣ ಸಿಟ್ಟೂ ಇತ್ತೆನ್ನಿ.

ಕೊನೆಗೂ ಕೇಳಿದಳು: "ಅಜ್ಜಾ, ತಿರುಗೂಕಿಂತ ಎಷ್ಟು ಮೊದಲ ಇಂಡಿಕೇಟರ್ ಹಾಕಬೇಕ?"

"ಬೇವಿನ ಗಿಡದ ಹತ್ರ," ಎಂದೆ. ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತು.

ಅವಳು ಬಿದ್ದು ಬಿದ್ದು ನಕ್ಕಳು. "ಬಂತಲ್ಲಪಾ ಕುಡ್ಡ ಆಯಿ ಕತಿ! ಎಲ್ಲಾ ರಸ್ತಾಕ್ಕೂ ಬೇವಿನ ಗಿಡ ಇರತಾವೇನ?"

ಈ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕಣ್ಣು ಮಂದವಾದ ಒಬ್ಬ ಕುರಿ ಕಾಯುವ ಮುದುಕಿ. ಅವಳಿಗೆ ಕಾಣಲೆಂದು ತಿರುವಿಗೆ ಬಹಳ ಮೊದಲೇ ಲಾರಿಯಿಂದ ಕೈ ಹೊರಗೆ ಚಾಚುತ್ತಿದ್ದ ಒಬ್ಬ ದಯಾಳು ಡ್ರೈವರ್. ದಯಾಳು ಎಂದರೆ ನಾನೇ, ಬೇರೆ ಯಾರು! ಮಕ್ಕಳಿಗೆ ಹೇಳಿದ್ದೇನೆ, ಮೊಮ್ಮಕ್ಕಳಿಗೆ ಹೇಳಿದ್ದೇನೆ, ಮದುವೆಯ ಊಟಕ್ಕೆ ಕೂತಾಗ ಪಕ್ಕದವರು ಕೇಳದಿದ್ದರೂ ಹೇಳಿದ್ದೇನೆ. ಆದರೆ ರೂಪಾ ಅಷ್ಟು ಹಗುರವಾಗಿ 'ಕುಡ್ಡ ಆಯಿ' ಎಂದದ್ದು ಅವತ್ತು ಯಾಕೋ ಚುಚ್ಚಿತು. ಚಹಾ ಆರಿ ತಣ್ಣಗಾಯಿತು. ಬರ್ರಿ, ನೀವು ಇಲ್ಲೇ ಕಟ್ಟೆಯ ಮೇಲೆ ಕುಂದ್ರಿ. ಇದ್ದದ್ದನ್ನು ಇದ್ದ ಹಾಗೆ ನಿಮಗೆ ಹೇಳುತ್ತೇನೆ.

ಅರವತ್ತರ ದಶಕದ ಕೊನೆಯ ಮಾತು. ಜತ್ತದ ಒಬ್ಬ ವ್ಯಾಪಾರಿಯ ಲಾರಿಗೆ ಹುಸೇನಸಾಬ ಡ್ರೈವರ್, ನಾನು ಕ್ಲೀನರ್. ಲಾರಿಯವರಲ್ಲಿ ಕಲಿಸುವವನಿಗೆ ಉಸ್ತಾದ ಎನ್ನುತ್ತಾರೆ. ನಮ್ಮ ಉಸ್ತಾದ ಭಾಳ ಕಟ್ಟುನಿಟ್ಟಿನ ಮನುಷ್ಯ. ಗೇರು ಕರ್ ಎಂದರೆ ತನ್ನ ಹಲ್ಲೇ ಮುರಿದವನಂತೆ ಮುಖ ಮಾಡುತ್ತಿದ್ದ. ನನಗೋ ಸ್ಟೇರಿಂಗ್ ಸಿಗುವ ಅವಸರ. ಬೆಳುಂಕಿಯಲ್ಲಿ ಹುಡುಗಿಯನ್ನು ನೋಡಿ ಬಂದಾಗಿತ್ತು. ಹುಡುಗಿಯ ಅಪ್ಪ, "ಡ್ರೈವರಗ ಕೊಡ್ತೀನ್ರಿ, ಕ್ಲೀನರಗ ಅಲ್ಲ," ಎಂದು ಖಂಡತುಂಡವಾಗಿ ಹೇಳಿದ್ದ. ನಾನು ಡ್ರೈವರೇ ಎಂದು ನಮ್ಮ ಮನೆಯವರು ಹೇಳಿ ಬಂದಿದ್ದರು. ಅದನ್ನು ನಿಜ ಮಾಡುವುದು ಉಸ್ತಾದನ ಕೈಯಲ್ಲಿತ್ತು.

ಆ ಲಾರಿಗೆ ಮಿಣುಕುವ ದೀಪ ಇರಲಿಲ್ಲ. ಬಲಕ್ಕೆ ತಿರುಗಬೇಕಾದರೆ ಡ್ರೈವರ್ ಬಲಗೈಯನ್ನು ಹೊರಗೆ ಚಾಚಬೇಕು. ಎಡಕ್ಕಾದರೆ ಕ್ಲೀನರ್ ಆ ಕಡೆಯಿಂದ ಕೈ ಬೀಸಬೇಕು. ಅದಕ್ಕೆ ಕೈ ತೆಗೆಯುವುದು ಎನ್ನುತ್ತಿದ್ದೆವು. ಒಬ್ಬೊಬ್ಬರ ಕೈ ಒಂದೊಂದು ಥರ. ಕೆಲವರು ಮೊಣಕೈಯಷ್ಟೇ ತೋರಿಸುತ್ತಿದ್ದರು, ಉಳಿದದ್ದನ್ನು ಹಿಂದಿನವರು ಊಹಿಸಿಕೊಳ್ಳಬೇಕು. ಉಸ್ತಾದನ ಕೈ ಮಾತ್ರ ಭುಜದಿಂದ ಬೆರಳ ತುದಿಯವರೆಗೆ ನೆಟ್ಟಗೆ ಬರುತ್ತಿತ್ತು. ಹೇಳುವುದು ಸುಲಭ. ಎಡಗೈ ಗೇರಿನ ಮೇಲೆ, ಬಲಗೈ ಹೊರಗೆ ಎಂದರೆ, ಸ್ಟೇರಿಂಗ್ ಯಾರು ಹಿಡಿಯಬೇಕು? ಹೊಸಬನಾದ ನನಗೆ ಕೈ ಬಿಡಲು ಧೈರ್ಯವೇ ಬರುತ್ತಿರಲಿಲ್ಲ.

ಜತ್ತದಿಂದ ಹೋಗುವಾಗ ಸೋನ್ಯಾಳಕ್ಕೆ ಬಲಗಡೆ ಒಂದು ರಸ್ತೆ ಒಡೆಯುತ್ತಿತ್ತು. ಆ ತಿರುವಿನ ಸುತ್ತ ಮಾಯವ್ವ, ನನ್ನ ಕತೆಯ ಆ ಮುದುಕಿ, ಕುರಿ ಮೇಯಿಸುತ್ತಿದ್ದಳು. ಲಾರಿಯಿಂದ ಕೈ ಬಂದರೆ ಕುರಿ ತಡೆಯುವಳು. ಬರದಿದ್ದರೆ ಲಾರಿ ನೆಟ್ಟಗೆ ಹೋಗುತ್ತದೆಂದು ಸೋನ್ಯಾಳದ ರಸ್ತೆ ದಾಟಿಸುವಳು. ಮುಂದಿನ ಟಗರು ಹೆಜ್ಜೆ ಇಟ್ಟಿತೆಂದರೆ ಮುಗಿಯಿತು, ಹಿಂದಿನವನ್ನು ಯಾರೂ ನಿಲ್ಲಿಸಲಾರರು. ಉಸ್ತಾದ ಪಕ್ಕದಲ್ಲಿ ಕೂತು ಕಲಿಸಲೆಂದು ನನ್ನನ್ನು ಸ್ಟೇರಿಂಗಿಗೆ ಕೂರಿಸಿದ ನಾಲ್ಕನೆಯ ದಿನ ಅದು. ಕನ್ನಡಿಯಲ್ಲಿ ನೋಡಿದೆ, ಹಿಂದೆ ಒಂದು ಸೈಕಲ್ ಕೂಡ ಇಲ್ಲ. ಯಾರಿಗೆ ಕೈ ತೋರಿಸುವುದು ಎಂದು ಎರಡೂ ಕೈಯಲ್ಲಿ ಸ್ಟೇರಿಂಗ್ ಅವುಚಿ ತಿರುಗಿಸಿಯೇಬಿಟ್ಟೆ. ಕುರಿ ರಸ್ತೆಯ ನಡುವೆ ಇದ್ದವು. ಬ್ರೇಕ್ ಒತ್ತಿದೆ. ಮುಂದಿನ ಟಗರು ಗಾಲಿಗೆ ಸಿಕ್ಕಿತು.

ಬೀಡಿ ಹಚ್ಚಲು ತಲೆ ತಗ್ಗಿಸಿದ್ದ ಉಸ್ತಾದ ಏನನ್ನೂ ಕಂಡಿರಲಿಲ್ಲ. ಕೆಳಗಿಳಿದು ಟಗರನ್ನು ನೋಡಿ, ನನ್ನನ್ನು ನೋಡಿ, "ಬೇಟಾ, ಕೈ ತಗದಿದ್ದೇನ?" ಎಂದ.

ಬೆಳುಂಕಿ ಕಣ್ಮುಂದೆ ಬಂತು. "ತಗದಿದ್ದೆ ಉಸ್ತಾದ," ಎಂದೆ.

ಉಸ್ತಾದ ಮಾಯವ್ವನ ಕಡೆ ತಿರುಗಿದ. "ಯವ್ವಾ, ಇವನ ಕೈ ಕಾಣಲಿಲ್ಲೇನ ನಿನಗ?"

ಈಗ ಬೈಗುಳ ಬಂತು ಎಂದು ನಾನು ತಲೆ ತಗ್ಗಿಸಿದೆ. ಮಾಯವ್ವ ಟಗರಿನ ಕೊರಳಿನ ಗಂಟೆ ಬಿಚ್ಚುತ್ತಿದ್ದಳು. ಮುಖ ಎತ್ತಿ ನನ್ನನ್ನೇ ನೋಡಿದಳು. "ನನಗೇನು ಕಾಣಲಿಲ್ಲಪಾ. ತಗದೀನಿ ಅಂತಾನಂದ್ರ ತಗದಿರಬೇಕ. ವಯಸ್ಸಾತು, ಕಣ್ಣು ಹೋಗಾಕತ್ತಾವು ಕಾಣ್ತೈತಿ," ಎಂದಳು. ಆಮೇಲೆ, ನನಗೇ ಬೇಡಿಕೊಳ್ಳುವವಳಂತೆ, "ತಮ್ಮಾ, ಇನ್ನ ಮ್ಯಾಲೆ ಆ ಬೇವಿನ ಗಿಡದ ಹತ್ರಾನ ಕೈ ತಗಿಯೋ. ನನಗ ಲಗೂನ ತಿಳೀತೈತಿ," ಎಂದಳು.

ನಂಬಿದ್ದಳು ನೋಡಿ! ತನ್ನ ಕಣ್ಣಿಗಿಂತ ನನ್ನ ಮಾತನ್ನು ನಂಬಿದ್ದಳು.

ಬೇವಿನ ಗಿಡ ತಿರುವಿಗೆ ಎಷ್ಟೋ ಮೊದಲು ಇತ್ತು. ಅಷ್ಟು ದೂರದಿಂದ ಕೈ ಚಾಚಿಕೊಂಡೇ ಬಂದರೆ ಭುಜ ಸೋಲುತ್ತಿತ್ತು. ಆದರೂ ಉಸ್ತಾದ ಅದನ್ನು ಕಾಯ್ದೆ ಮಾಡಿಬಿಟ್ಟ. ಆ ದಾರಿಯ ಬೇರೆ ಡ್ರೈವರುಗಳಿಗೂ, "ಮುದುಕಿ ಕಣ್ಣು ಮಂದ ಅದಾವ್ರೋ, ಗಿಡದ ಹತ್ರ ಕೈ ತಗೀರಿ," ಎಂದು ಸಾರಿದ. ಎಲ್ಲರೂ ತೆಗೆದರು. ನಾನು ಎಲ್ಲರಿಗಿಂತ ಮೊದಲು ತೆಗೆದೆ. ಅದೇ ಅಭ್ಯಾಸದಲ್ಲಿ ಸಾಂಗಲಿಯ ಪರೀಕ್ಷೆಯಲ್ಲೂ ದೂರದಿಂದಲೇ ಕೈ ತೆಗೆದಾಗ ಸಾಹೇಬರು ಶಾಬಾಸ್ ಎಂದರು. ಲೈಸೆನ್ಸ್ ಬಂತು, ಬೆಳುಂಕಿಯ ಹುಡುಗಿಯೂ ಮನೆಗೆ ಬಂದಳು.

ಒಂದೆರಡು ವರ್ಷದ ಮೇಲೆ, ತಿರುವಿನಲ್ಲಿ ಲಾರಿ ನಿಲ್ಲಿಸಿದಾಗ ಮಾಯವ್ವ ಹತ್ತಿರ ಬಂದಳು. ಆಗ ಕುರಿಯ ಮುಂದೆ ಅವಳ ಸೊಸೆ ನಡೆಯುತ್ತಿದ್ದಳು. ಮಾಯವ್ವ ಹಿಂದೆ, ಕೋಲೂರಿಕೊಂಡು.

"ಬೆರಳಿಗೆ ಏನಾತೋ ತಮ್ಮಾ? ಬೇವಿನ ಗಿಡದ ಹತ್ರ ಕೈ ತಗದಾಗ ನೋಡಿದೆ, ಬಟ್ಟಿ ಸುತ್ತೀದಿ."

ನನ್ನ ಕಿರುಬೆರಳಿಗೆ ಒಂದು ಚಿಂದಿ ಸುತ್ತಿತ್ತು. ಅಷ್ಟು ದೂರದಿಂದ! ನಾನು ಆ ಬೆರಳು ಮಡಚಿಕೊಂಡೆ. ಅವಳೇ ಮುಂದುವರಿಸಿದಳು: "ಜತ್ತದಾಗ ಡಾಕ್ಟರಗ ತೋರಿಸಿದೆ. ಕಣ್ಣು ಚಲೋ ಅದಾವ ಅಂತಾನ. ಚಲೋ ಇದ್ರ ಆವತ್ತ ನಿನ್ನ ಕೈ ಯಾಕ ಕಾಣಲಿಲ್ಲ, ಹೇಳು?"

ಕೇಳಿದ್ದು ನನ್ನನ್ನೇ. ಸುತ್ತ ಯಾರೂ ಇರಲಿಲ್ಲ, ಉಸ್ತಾದನೂ ಇರಲಿಲ್ಲ. ಮದುವೆ ಆಗಿತ್ತು, ಲೈಸೆನ್ಸ್ ಕಿಸೆಯಲ್ಲಿತ್ತು, ಯಾರೂ ಏನೂ ಕಸಿದುಕೊಳ್ಳುವಂತಿರಲಿಲ್ಲ. ಆದರೂ ನಾನು, "ಬಿಸಲಿಗೆ ಕಣ್ಣು ಕುಕ್ಕಿರಬೇಕು ಆಯಿ," ಎಂದು ಲಾರಿ ಹತ್ತಿದೆ. ಮೊದಲನೆಯ ಸುಳ್ಳಿಗೆ ಹೆದರಿಕೆ ಎಂಬ ನೆಪವಾದರೂ ಇತ್ತು. ಈ ಎರಡನೆಯದಕ್ಕೆ ಅದೂ ಇಲ್ಲ.

ಎಪ್ಪತ್ತರ ದಶಕದ ನಡುವೆ ಅವಳು ತೀರಿಕೊಂಡಳು. ಕೊನೆಕೊನೆಗೆ ಹೊಸ್ತಿಲು ದಾಟುವಾಗಲೂ ಸೊಸೆಯ ಕೈ ಹಿಡಿಯುತ್ತಿದ್ದಳಂತೆ, ಕಾಣುವ ಕಣ್ಣಿಟ್ಟುಕೊಂಡು. ಕೇಳಿ ನಾಚಿಕೆಯಾಯಿತು. ಆದರೆ ನಾಚಿಕೆಯನ್ನು ಹೇಗೆ ಅಡಗಿಸಿಟ್ಟೆ ನೋಡಿ: ಅವಳನ್ನು ಕುಡ್ಡಿ ಮಾಡಿ, ನಾನು ದಯಾಳುವಾಗಿ, ಕತೆ ಕಟ್ಟಿಕೊಂಡೆ. ಹೇಳುತ್ತ ಹೇಳುತ್ತ ನಾನೇ ಅರ್ಧ ನಂಬಿದ್ದೆ.

ಮೊನ್ನೆ ಅಂಗಳದಲ್ಲಿ ಟಿಕ್ ಟಿಕ್ ನಡೆದೇ ಇತ್ತು. "ಅಜ್ಜಾ, ಖರೇ ಹೇಳು," ಎಂದಳು ರೂಪಾ, "ಆ ಕುಡ್ಡ ಆಯಿಗೆ ಎಷ್ಟು ದೂರ ಕಾಣ್ತಿತ್ತು?"

"ಬೇವಿನ ಗಿಡದ ಹತ್ರ ನನ್ನ ಕಿರುಬೆರಳಿಗೆ ಸುತ್ತಿದ ಬಟ್ಟಿ ಕಾಣ್ತಿತ್ತು."

"ಮತ್ತ ಕುಡ್ಡಿ ಅಂತೀದಿ?"

"ಆಕಿ ಕುಡ್ಡಿ ಅಲ್ಲವ್ವಾ. ಆವತ್ತ ನಾನ ಕೈ ತಗದಿದ್ದಿಲ್ಲ."

ರೂಪಾ ಇಂಡಿಕೇಟರ್ ಆರಿಸಿದಳು. ಪುಸ್ತಕ ಮಡಚಿ ನನ್ನನ್ನೇ ನೋಡುತ್ತ ಕೂತಳು. ಮಾಯವ್ವನ ನೋಟದಲ್ಲಿದ್ದ ನಂಬಿಕೆ ಅವಳ ನೋಟದಲ್ಲಿ ಇರಲಿಲ್ಲ. ಇರಬಾರದು ಕೂಡ. ನಾನು ಲೋಟ ಕೆಳಗಿಟ್ಟು, ಟಗರಿನ ಗಂಟೆಯಿಂದ ಶುರುಮಾಡಿ ಅವಳಿಗೆ ಎಲ್ಲ ಹೇಳಿದೆ.